ಎಸ್‌ಎಸ್‌ಡಿಗೆ ವಿಂಡೋಸ್ ಸಾಗಿಸುವುದು: ಕ್ಲೋನ್ ಮೇಲೋ, ಹೊಸ ಇನ್‌ಸ್ಟಾಲ್ ಮೇಲೋ?

ಹಳೆ ಕಂಪ್ಯೂಟರ್ ನಿಧಾನವಾಗಲು ಬಹಳ ಸಲ ಪ್ರೊಸೆಸರ್ ಕಾರಣವಲ್ಲ, ಹಾರ್ಡ್ ಡಿಸ್ಕ್ ಕಾರಣ. ಒಂದು ಸಣ್ಣ ಫೈಲ್ ಹುಡುಕಲು ಅದಕ್ಕೆ ಸುಮಾರು 10 ಮಿಲಿಸೆಕೆಂಡ್ ಬೇಕು. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿಗೆ, ಅದು ಸಾಟಾ ಕೇಬಲ್‌ಗೆ ಸೇರಿಸುವ ಬಗೆಯದಾದರೂ, ಅದರ ನೂರರಲ್ಲೊಂದು ಪಾಲು ಸಾಕು. ಹಳೆಯ ಮದರ್‌ಬೋರ್ಡ್‌ಗಳು ಇನ್ನೂ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯಿಂದ ಬೂಟ್ ಆಗದಿರಬಹುದು, ಅವಕ್ಕೆ ಸಾಟಾವೇ ಸರಿ. ತಲೆಬಿಸಿ ಇರುವುದು ವಿಂಡೋಸ್ ಸಾಗಿಸುವುದರಲ್ಲಿ.

ಕ್ಲೋನ್ ಮಾಡಿದರೆ, ಅಂದರೆ ಹಳೆ ಡಿಸ್ಕನ್ನು ಇಡಿಯಾಗಿ ನಕಲಿಸಿದರೆ, ಪ್ರೋಗ್ರಾಂ, ಪಾಸ್‌ವರ್ಡ್, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಇದ್ದಂತೆಯೇ ಬರುತ್ತವೆ. ಸಾಟಾ–ಯುಎಸ್‌ಬಿ ಕೇಬಲ್ ಒಂದಿದ್ದರೆ ಸಾಕು. ಆದರೆ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಓದಲು ತೊಡಕಾದ ಜಾಗಗಳ ಎಣಿಕೆ) ಸಾಲು ನೋಡಿ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಕ್ಲೋನ್ ಆಸೆ ಬಿಟ್ಟು ಫೋಟೊ, ದಾಖಲೆಗಳನ್ನು ತಕ್ಷಣ ಬೇರೆ ಕಡೆ ನಕಲಿಸಿ. ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ಕ್ಲೋನ್ ಅರ್ಧಕ್ಕೇ ನಿಲ್ಲುತ್ತದೆ, ಇಲ್ಲವೇ ಹಾಳಾದ ಫೈಲ್ ಹಾಳಾದಂತೆಯೇ ಹೊಸ ಡ್ರೈವ್‌ಗೆ ಬರುತ್ತದೆ. ಕ್ಲೋನ್ ಮಾಡಲು ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶ ಬಳಸುವವರಿಗೆ ಇನ್ನೊಂದು ತೊಡಕು: ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹೊಸ ಡ್ರೈವ್ ಹಳೆಯದರಷ್ಟಾದರೂ ದೊಡ್ಡದಿರಬೇಕು. 1 ಟಿಬಿ ಡಿಸ್ಕಿನಲ್ಲಿ ತುಂಬಿರುವುದು 180 ಜಿಬಿಯೇ ಆದರೂ 500 ಜಿಬಿ ಎಸ್‌ಎಸ್‌ಡಿಗೆ ಅದು ಒಪ್ಪುವುದಿಲ್ಲ.

ಕ್ಲೋನ್ ಮುಗಿದ ಮೇಲೆ ಯಂತ್ರ ಆಫ್ ಮಾಡಿ, ಹಳೆ ಡಿಸ್ಕಿನ ಕೇಬಲ್ ಕಳಚಿ, ಎಸ್‌ಎಸ್‌ಡಿ ಒಂದನ್ನೇ ಇಟ್ಟು ಬೂಟ್ ಮಾಡಿ. ಎರಡೂ ಇದ್ದರೆ ಯಂತ್ರ ಸದ್ದಿಲ್ಲದೆ ಹಳೆಯದರಿಂದಲೇ ಏಳಬಹುದು, ‘ಎಸ್‌ಎಸ್‌ಡಿ ಹಾಕಿದರೂ ವೇಗ ಬರಲಿಲ್ಲ’ ಎಂಬ ದೂರು ಅಲ್ಲಿಂದ ಹುಟ್ಟುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಸಾಟಾ ಮೋಡ್ ಹಳೆಯ ಐಡಿಇ ಇದ್ದದ್ದನ್ನು ನೇರವಾಗಿ ಎಸ್‌ಎಸ್‌ಡಿಗೆ ಒಪ್ಪುವ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ಏಳದೆ ನೀಲಿ ಪರದೆ ಬರಬಹುದು. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಕಿಟಕಿಯಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ಆಮೇಲೆ ಮೋಡ್ ಬದಲಿಸಿ. ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದರೆ ಡ್ರೈವರ್ ತಾನೇ ಕೂರುತ್ತದೆ. ನಂತರ ಟಿಕ್ ತೆಗೆಯಿರಿ.

ಹೊಸ ಇನ್‌ಸ್ಟಾಲ್‌ಗೆ ವಿಂಡೋಸ್ ಸೆಟಪ್ ತುಂಬಿಸಿಕೊಳ್ಳಲು 8 ಜಿಬಿ ಪೆನ್ ಡ್ರೈವ್ ಬೇಕು, ಅದಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಇಲ್ಲೂ ಹಳೆ ಡಿಸ್ಕ್ ಕಳಚಲೇಬೇಕು. ಇಲ್ಲದಿದ್ದರೆ ಸೆಟಪ್ ಬೂಟ್ ಫೈಲುಗಳನ್ನು ಹಳೆಯದರಲ್ಲೇ ಬರೆದುಬಿಡಬಹುದು. ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ. ಡಿಜಿಟಲ್ ಲೈಸನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಅದೇ ಆವೃತ್ತಿ (ಹೋಮ್ ಅಥವಾ ಪ್ರೊ) ಹಾಕಿದರೆ ಕೀ ಕೇಳಿದಾಗ ಬಿಟ್ಟು ಮುಂದೆ ಹೋಗಬಹುದು. ಹಳೆ ಡಿಸ್ಕಿನಿಂದ ನಕಲಿಸಲು ಮರೆತುಹೋಗುವುದು ಆ್ಯಪ್‌ಡೇಟಾ ಫೋಲ್ಡರ್: ಅದು ಅಡಗಿರುತ್ತದೆ, ಹಳೆ ಮೇಲ್‌ಗಳು ಹಲವು ಸಲ ಅದರೊಳಗೇ ಇರುತ್ತವೆ.

ವರ್ಷಗಟ್ಟಲೆ ಹಾಕಿ ತೆಗೆದ ಪ್ರೋಗ್ರಾಂಗಳ ಕಸ ತುಂಬಿದ ಯಂತ್ರಕ್ಕೆ ಹೊಸ ಇನ್‌ಸ್ಟಾಲ್ ನನ್ನ ಆಯ್ಕೆ. ಇನ್‌ಸ್ಟಾಲರ್ ಕಳೆದುಹೋದ, ಲೈಸನ್ಸ್ ಇರುವ ತಂತ್ರಾಂಶ ಒಂದಿದ್ದರೂ ಕ್ಲೋನ್ ಮಾಡಿ.

ಬಾಳಿಕೆಯ ವಿಷಯದಲ್ಲಿ ಭಯ ಅಗತ್ಯಕ್ಕಿಂತ ಹೆಚ್ಚಿದೆ. 150 ಟಿಬಿ ಬರೆಯುವ ಖಾತರಿಯ ಡ್ರೈವ್‌ಗೆ ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ಮುಟ್ಟಲು 20 ವರ್ಷ ಬೇಕು. ಮೆಮೊರಿ ಸಾಲದಾಗ ವಿಂಡೋಸ್ ಡ್ರೈವ್‌ನಲ್ಲಿ ಬಳಸುವ ಪೇಜ್ ಫೈಲ್ ಆಫ್ ಮಾಡಬೇಕಿಲ್ಲ. ಶೇ. 15ರಷ್ಟು ಜಾಗ ಖಾಲಿ ಬಿಡಿ. ಕ್ಲೋನ್ ಮಾಡಿದ್ದರೆ ‘ಆಪ್ಟಿಮೈಸ್ ಡ್ರೈವ್ಸ್’ ಕಿಟಕಿ ತೆರೆದು ನೋಡಿ: ಕೆಲವೊಮ್ಮೆ ವಿಂಡೋಸ್ ಅದನ್ನು ಇನ್ನೂ ಹಾರ್ಡ್ ಡಿಸ್ಕ್ ಎಂದೇ ತೋರಿಸುತ್ತದೆ, ಆಗ ಟ್ರಿಮ್ (ಅಳಿಸಿದ ಫೈಲುಗಳ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವುದು) ಬದಲು ಹಾರ್ಡ್ ಡಿಸ್ಕ್‌ಗೆ ಮಾತ್ರ ಬೇಕಾದ ಡಿಫ್ರಾಗ್ (ಫೈಲಿನ ಚೂರುಗಳನ್ನು ಒಟ್ಟುಗೂಡಿಸುವುದು) ನಡೆಯುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಯಂತ್ರದ ವೇಗ ಅಳೆಯುವ ‘ವಿನ್‌ಸ್ಯಾಟ್ ಫಾರ್ಮಲ್’ (winsat formal) ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.