ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಹಿಂದಿನ ಗಾಲಿ ಬಿಚ್ಚಿಸಿ

ಹಳೆಯ ಶಾಫ್ಟ್ ಡ್ರೈವ್ ಮೋಟರ್‌ಸೈಕಲ್ ಇಟ್ಟುಕೊಂಡವರು ನಮ್ಮ ಬೆಳಗಾವಿ ಭಾಗದಲ್ಲಿ ಕೆಲವರೇ ಇರಬಹುದು. ನನಗಾದ ನಷ್ಟ ಅವರಲ್ಲಿ ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನನ್ನದು 1982ರ ಬಿಎಂಡಬ್ಲ್ಯೂ ಆರ್65. ಇದಕ್ಕೆ ಚೈನು ಇಲ್ಲ. ಗೇರ್‌ಬಾಕ್ಸಿನ ಹಿಂದಿನಿಂದ ಹೊರಟ ಶಾಫ್ಟ್ ಬಲಗಡೆಯ ಸ್ವಿಂಗ್ ಆರ್ಮ್ (ಹಿಂದಿನ ಗಾಲಿಯನ್ನು ಹಿಡಿದಿರುವ ತೋಳು) ಒಳಗಿನ ಟ್ಯೂಬಿನಲ್ಲಿ ಸಾಗಿ, ಗಾಲಿಯ ಪಕ್ಕದ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿರುವ ಪಿನಿಯನ್ (ಚಿಕ್ಕ ಹಲ್ಲುಗಾಲಿ) ಮತ್ತು ಕ್ರೌನ್ ವ್ಹೀಲ್ (ದೊಡ್ಡ ಹಲ್ಲುಗಾಲಿ) ಮೂಲಕ ಗಾಲಿಯನ್ನು ತಿರುಗಿಸುತ್ತದೆ. ಈ ಹೌಸಿಂಗ್ ಮತ್ತು ಅದರೊಳಗಿನದೆಲ್ಲ ಸೇರಿ ಹಿಂದಿನ ಡ್ರೈವ್. ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್ ಟ್ಯೂಬ್, ಹಿಂದಿನ ಡ್ರೈವ್ ಈ ನಾಲ್ಕಕ್ಕೂ ಬೇರೆ ಬೇರೆಯಾಗಿಯೇ ಆಯಿಲ್ ಹಾಕಬೇಕು. ನನ್ನ ಕಷ್ಟವೆಲ್ಲ ಶುರುವಾದದ್ದು ಇಲ್ಲಿಂದಲೇ.

ಧಾರವಾಡದಿಂದ ಮರಳುತ್ತ ಹಿರೇಬಾಗೇವಾಡಿ ದಾಟಿದ್ದೆ. ಗಂಟೆಗೆ ಐವತ್ತು ಕಿಲೋಮೀಟರ್ ವೇಗವಿದ್ದಿರಬಹುದು. ಹಿಂದಿನ ಗಾಲಿ ಒಮ್ಮೆಲೇ ನಿಂತುಹೋಯಿತು. ಕ್ಲಚ್ ಹಿಡಿದರೂ ಬಿಡಲಿಲ್ಲ. ಕ್ಲಚ್ಚಿನ ಹಿಂದೆ ಏನಾದರೂ ಹಿಡಿದುಕೊಂಡರೆ ಅದು ಬಿಡುವುದೂ ಇಲ್ಲ. ಗಾಡಿ ನೇರವಾಗಿ ಜಾರಿ ರಸ್ತೆಯಂಚಿಗೆ ಬಂದು ನಿಂತಿತು, ಹಿಂದೆ ಲಾರಿ ಇರಲಿಲ್ಲ, ಆದ್ದರಿಂದ ಉಳಿದೆ. ನಾಲ್ಕು ಜನ ಎತ್ತಿ ಟಾಟಾ ಏಸ್‌ಗೆ ಹಾಕಿಕೊಟ್ಟರು.

ಅದಕ್ಕೆ ಮೂರು ವಾರ ಮೊದಲು ಊರಿನ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆ. ಆಮೇಲೆ ಎಕ್ಸಲೇಟರ್ ಬಿಟ್ಟಾಗಲೆಲ್ಲ ಹಿಂದಿನಿಂದ ಸಣ್ಣಗೆ ಕೊರಗುವಂಥ ಸದ್ದು ಕೇಳುತ್ತಿತ್ತು. ಟೈರಿನ ಸದ್ದೆಂದು ತಿಳಿದು ಸುಮ್ಮನಿದ್ದೆ. ಅಂದೇ ಇಳಿದು ಹೌಸಿಂಗ್ ಮೇಲೆ ಕೈಯಿಟ್ಟು ನೋಡಿದ್ದರೆ ಅದು ಮುಟ್ಟಲಾಗದಷ್ಟು ಸುಡುತ್ತಿರುವುದು ತಿಳಿಯುತ್ತಿತ್ತು.

ಗಾಡಿಯನ್ನು ಅದೇ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಗಾಲಿಯನ್ನು ಒಂದು ಸಲ ಅಲ್ಲಾಡಿಸಿ, "ಗೇರ್‌ಬಾಕ್ಸ್ ಜಾಮ್ ಆಗೇತ್ರಿ ಸರ, ಬಿಚ್ಚಬೇಕ್ರಿ" ಎಂದರು. ನಾನು ಒಪ್ಪಿದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಸ್ಟಾರ್ಟ್ ಆಗಿ, ಕ್ಲಚ್ ಬಿಟ್ಟರೂ ಬಂದ್ ಬೀಳದೆ ಸರಾಗವಾಗಿ ಓಡುತ್ತಿತ್ತು. ಎರಡು ಗೇರ್ ಒಟ್ಟಿಗೆ ಸಿಕ್ಕಿಕೊಂಡಿದ್ದರೆ ಹಾಗೆ ಓಡಲು ಸಾಧ್ಯವೇ ಇಲ್ಲ. ಇಷ್ಟು ದೊಡ್ಡ ಸುಳಿವನ್ನು ಅವರೂ ಗಮನಿಸಲಿಲ್ಲ, ನಾನೂ ಕೇಳಲಿಲ್ಲ. ಒಂದು ವಾರದ ನಂತರ ಗೇರ್‌ಬಾಕ್ಸ್ ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು, ಕೂಲಿಯೆಂದು ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟಾಗಿತ್ತು, ಗಾಲಿ ಮಾತ್ರ ಹಾಗೆಯೇ ಹಿಡಿದುಕೊಂಡಿತ್ತು. ಮುಂದೆ ಹಿಂದಿನ ಡ್ರೈವನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೊರಟಾಗ ನಾನು ತಡೆದು, ಗೇರ್‌ಬಾಕ್ಸನ್ನು ಜೋಡಿಸಿ ಕೂಡಿಸಿದ ಮೇಲೆ ಗಾಡಿಯನ್ನು ಅಲ್ಲಿಂದ ತಂದೆ.

ಉದ್ಯಮಬಾಗದಲ್ಲಿ ಲೇತ್ ನಡೆಸುವ ಹಿರಿಯರೊಬ್ಬರು ನನ್ನ ಕಥೆಯನ್ನು ಪೂರ್ತಿ ಕೇಳಿ, "ಮೊದಲ ಗಾಲಿ ತಗೀರಿ ತಮ್ಮಾ, ಆಮ್ಯಾಲ ಮಾತಾಡೂಣು" ಎಂದರು. ಅವರು ಮಾಡಿ ತೋರಿಸಿದ ಪರೀಕ್ಷೆಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಮೊದಲಿಗೆ ಬ್ರೇಕ್ ರಾಡಿನ ನಟ್ಟನ್ನು ಪೂರ್ತಿ ಸಡಿಲಿಸಿದರು. ಡ್ರಮ್ ಬ್ರೇಕಿನ ಲೈನರ್ ತೀರ ಸವೆದಿದ್ದರೆ ಅದನ್ನು ಒತ್ತುವ ಕ್ಯಾಮ್ ಮಿತಿಮೀರಿ ತಿರುಗಿ ಗಾಲಿಯನ್ನು ಹಿಡಿದುಬಿಡುತ್ತದೆ, ಎಷ್ಟೋ ಸಲ ತೊಂದರೆ ಇಷ್ಟೇ ಆಗಿರುತ್ತದೆಯಂತೆ. ನನ್ನದು ಅದಾಗಿರಲಿಲ್ಲ. ಬಳಿಕ ಆಕ್ಸಲ್ ಎಳೆದು, ಗಾಲಿಯನ್ನು ಎಡಕ್ಕೆ ಸರಿಸಿ, ಅದನ್ನು ತಿರುಗಿಸುವ ಡ್ರೈವಿನ ಹಲ್ಲುಗಳಿಂದ ಬಿಡಿಸಿದರು. ಗಾಲಿಯ ಬೇರಿಂಗ್‌ಗಳು ಬೆರಳಿಗೆ ನುಣ್ಣಗೆ ತಿರುಗಿದವು. ಡ್ರೈವಿನ ಹಲ್ಲುಗಳು ಮಾತ್ರ ಅಲುಗಲಿಲ್ಲ. ಅಲ್ಲಿಗೆ ಗಾಲಿಯ ಮೇಲಿನ ಸಂಶಯ ಹೋಯಿತು.

ಕೊನೆಗೆ ಗೇರ್‌ಬಾಕ್ಸ್ ಮತ್ತು ಸ್ವಿಂಗ್ ಆರ್ಮ್ ನಡುವಿನ ರಬ್ಬರ್ ಬೂಟನ್ನು ಹಿಂದಕ್ಕೆ ಸರಿಸಿ, ಶಾಫ್ಟನ್ನು ಗೇರ್‌ಬಾಕ್ಸಿಗೆ ಕೂಡಿಸುವ ನಾಲ್ಕು ಬೋಲ್ಟ್ ಬಿಚ್ಚಿದರು. ಗೇರ್‌ಬಾಕ್ಸಿನ ಕಡೆಯ ಫ್ಲ್ಯಾಂಜ್ (ಬೋಲ್ಟ್ ಕೂಡುವ ತಟ್ಟೆ) ಕೈಯಲ್ಲಿ ಸಲೀಸಾಗಿ ತಿರುಗಿತು, ಶಾಫ್ಟ್ ಕದಲಲಿಲ್ಲ. ಗೇರ್‌ಬಾಕ್ಸ್ ಬಿಚ್ಚಬೇಕಾದ ಕಾರಣವೇ ಇರಲಿಲ್ಲವೆಂಬುದು ಅಲ್ಲಿಯೇ ಸ್ಪಷ್ಟವಾಯಿತು. ಹಿಂದಿನ ಡ್ರೈವಿನ ಡ್ರೈನ್ ಬೋಲ್ಟ್ ತೆಗೆದಾಗ, 250 ಮಿಲಿಲೀಟರ್‌ನಷ್ಟು ಇರಬೇಕಾದ ಕಡೆ ಎರಡು ಚಮಚ ಕಪ್ಪು ರಾಡಿ ಇಳಿಯಿತು. ಅದರಲ್ಲಿ ಆಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರುಗಳಿದ್ದವು. ಆಯಿಲ್ ಇಲ್ಲದೆ ಬೇರಿಂಗ್ ಸುಟ್ಟು ಒಡೆದು, ಅದರ ತುಂಡುಗಳು ಪಿನಿಯನ್ ಹಾಗೂ ಕ್ರೌನ್ ವ್ಹೀಲಿನ ಹಲ್ಲುಗಳ ನಡುವೆ ಸಿಕ್ಕಿದ್ದವು.

ಸರ್ವಿಸ್ ಮಾಡಿದ ಹುಡುಗನನ್ನು ಕೇಳಿದೆ. "ಮುಂದ ಹಾಕಿದ್ದು ಹಿಂದ ಹೋಗತೈತ್ರೀ" ಎಂದು ಅವನು ನಿಜವಾಗಿಯೇ ನಂಬಿದ್ದ. ಶಾಫ್ಟ್ ಟ್ಯೂಬ್, ಹಿಂದಿನ ಡ್ರೈವ್ ಎರಡರ ಹಳೆಯ ಆಯಿಲನ್ನೂ ಇಳಿಸಿ, ಹೊಸದನ್ನು ಶಾಫ್ಟ್ ಟ್ಯೂಬಿಗೆ ಮಾತ್ರ ಹಾಕಿದ್ದ. ನಡುವೆ ಸೀಲ್ ಇರುವುದರಿಂದ ಅದು ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಹುಡುಗನಿಗಿಂತ ಅವನಿಗೆ ಹೇಳಿಕೊಡದ ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿದೆ, ಏಕೆಂದರೆ ಹಾನಿ ಒಪ್ಪಿಕೊಳ್ಳುವುದಿರಲಿ, ಅವರು ಕೂಲಿಯನ್ನೂ ಮರಳಿಸಲಿಲ್ಲ.

ನಿಮ್ಮ ಗಾಡಿಯಲ್ಲಿ ಹೀಗಾದರೆ ದಯವಿಟ್ಟು ಹೌಸಿಂಗ್ ಮೇಲೆ ಸುತ್ತಿಗೆ ಹಾಕಲು ಬಿಡಬೇಡಿ. ಒಳಗಿನ ಶಿಮ್‌ಗಳು, ಅಂದರೆ ತೆಳುವಾದ ಲೋಹದ ಬಿಲ್ಲೆಗಳು, ಪಿನಿಯನ್ ಮತ್ತು ಕ್ರೌನ್ ವ್ಹೀಲಿನ ನಡುವಿನ ಸಂದನ್ನು ನಿರ್ಧರಿಸುತ್ತವೆ. ಅವು ಅದಲುಬದಲಾದರೆ ಹೊಸ ಬೇರಿಂಗ್ ಹಾಕಿಯೂ ಹಲ್ಲು ಉಳಿಯುವುದಿಲ್ಲ. ಪಿನಿಯನ್ ಕ್ರೌನ್ ವ್ಹೀಲ್ ಜೋಡಿಯಾಗಿಯೇ ಬರುತ್ತವೆ, ಒಂದನ್ನಷ್ಟೇ ಬದಲಿಸಬಾರದು. ನನ್ನದರಲ್ಲಿ ಎರಡರ ಹಲ್ಲುಗಳೂ ಹೋಗಿದ್ದರಿಂದ ಹೊರಗಿನಿಂದ ಹಳೆಯದೊಂದು ಡ್ರೈವ್ ತರಿಸಿದೆ. ಹಲ್ಲುಗಳ ಲೆಕ್ಕ ಹೌಸಿಂಗ್ ಮೇಲೆಯೇ ಒತ್ತಿರುತ್ತದೆ. ಅದು ಗಾಡಿಯಲ್ಲಿ ಮೊದಲಿದ್ದ ಡ್ರೈವಿನ ಲೆಕ್ಕಕ್ಕೆ ಸರಿಹೊಂದದಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಕೊಳ್ಳುವ ಮೊದಲು ಫೋಟೋ ತರಿಸಿ ನೋಡಿ. ಶಾಫ್ಟಿನ ನಾಲ್ಕು ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿ, ಟಾರ್ಕ್ ರೆಂಚಿನಲ್ಲಿ ಬಿಗಿಸಿದೆವು.

ಈ ಸಲ ಆಯಿಲನ್ನು ಅಳತೆ ಪಾತ್ರೆಯಲ್ಲಿ ಅಳೆದು ನಾನೇ ಸುರಿದೆ. ಖಾನಾಪುರ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ, ಇಳಿದು ಹೌಸಿಂಗ್ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು, ಕೈ ತೆಗೆಯಬೇಕಾಗಲಿಲ್ಲ.