ಉಪ್ಪುಗಾಳಿಯಲ್ಲಿ ಏಳು ವರ್ಷ: ಟ್ಯಾಂಕ್ ಇಲ್ಲದ ಗೀಸರ್ ಬಳಸಿ ಕಂಡದ್ದು

ನಮ್ಮ ಮನೆಯಿಂದ ಸಮುದ್ರಕ್ಕೆ 300 ಮೀಟರ್ ದೂರ. ಮಳೆಗಾಲ ಹಿಡಿದರೆ ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಇಂಥ ಕಡೆ ಏಳು ವರ್ಷದಿಂದ ಗ್ಯಾಸ್‌ನಲ್ಲಿ ಓಡುವ, ನೀರನ್ನು ಕೂಡಿಡದೆ ಹರಿಯುವಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರ್ ಬಳಸುತ್ತಿದ್ದೇನೆ. ನಿಮಿಷಕ್ಕೆ 6 ಲೀಟರಿನದು, ಹೊರಗೋಡೆಗೆ ಹಾಕುವ ಮಾದರಿ. ಮೊದಲನೆಯದು 2 ವರ್ಷ 3 ತಿಂಗಳಿಗೆ ಕೈಕೊಟ್ಟಿತು. ಎರಡನೆಯದು ಈಗ ಐದನೇ ಮಳೆಗಾಲದಲ್ಲಿದೆ, ಇನ್ನೂ ಗಟ್ಟಿಯಾಗಿದೆ. ಎರಡೂ ಒಂದೇ ಕಂಪನಿಯವು, ಮಾಡೆಲ್ ಕೂಡ ಒಂದೇ. ಬದಲಾದದ್ದು ಗೋಡೆ, ಮತ್ತೆ ನಾನು ಅದನ್ನು ನೋಡಿಕೊಳ್ಳುವ ರೀತಿ. ಕರಾವಳಿಯಲ್ಲಿ ಗೀಸರ್ ಕೊಳ್ಳುವವರು ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುತ್ತಾರೆ. ಯಾವ ಗೋಡೆಗೆ ಹಾಕಲಿ ಎಂಬುದನ್ನು ಮೊದಲು ಕೇಳಬೇಕು ಎನ್ನುವುದು ನನ್ನ ಅನುಭವ.

ಮೊದಲನೆಯದನ್ನು ಸಮುದ್ರದ ಕಡೆ ಮುಖ ಮಾಡಿದ ಗೋಡೆಗೆ, ಸೂರಿನ ಕೆಳಗೆ ಹಾಕಿಸಿದ್ದೆ. ಮಳೆ ತಾಗುವುದಿಲ್ಲ, ಹಾಗಾಗಿ ಕ್ಷೇಮ ಎಂದುಕೊಂಡಿದ್ದೆ. ಅದೇ ತಪ್ಪಾಯಿತು. ಬಯಲಲ್ಲಿರುವ ಲೋಹವನ್ನು ಮಳೆನೀರು ಆಗಾಗ ತೊಳೆದು ಉಪ್ಪನ್ನು ಕೊಂಡೊಯ್ಯುತ್ತದೆ. ಸೂರಿನ ಮರೆಯಲ್ಲಿ ಆ ತೊಳೆತವಿಲ್ಲ. ಕೂತ ಉಪ್ಪು ಹಾಗೇ ಉಳಿದು ಗಾಳಿಯ ತೇವ ಹೀರಿಕೊಂಡು ಹಗಲು ರಾತ್ರಿ ಒದ್ದೆಯಾಗಿರುತ್ತದೆ. ಒಂದೂವರೆ ವರ್ಷಕ್ಕೆ ಕವಚದ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತು. ಸ್ಕ್ರೂ ಬಿಗಿಯುವಾಗ ಬಣ್ಣ ಕೆರೆದುಹೋಗಿದ್ದ ಜಾಗದಿಂದಲೇ ತುಕ್ಕು ಶುರುವಾಗಿತ್ತು. ಕೊನೆಗೆ ರಿಪೇರಿಗೆ ಬಂದವರು ಕವಚ ಬಿಚ್ಚಿ ತೋರಿಸಿದರು: ಬರ್ನರಿನ ಉಕ್ಕು ಪದರ ಪದರವಾಗಿ ಉದುರುತ್ತಿತ್ತು, ನೀರಿಗೆ ಶಾಖ ದಾಟಿಸುವ ತಾಮ್ರದ ಹೀಟ್ ಎಕ್ಸ್‌ಚೇಂಜರಿನ ರೆಕ್ಕೆಗಳ ತುಂಬ ಹಸಿರು ಕಿಲುಬು. "ಸರ್, ಮಿಶಿನ್ ತಪ್ಪಲ್ಲ ಇದು, ಗಾಳಿ ತಿಂದಿದ್ದು" ಅಂದರು. ಆ ಒಂದು ಮಾತು ಎರಡನೇ ಸಲ ನನ್ನನ್ನು ಕಾಪಾಡಿತು.

ಈಗಿನದು ಮನೆಯ ಹಿಂಬದಿ, ಸಮುದ್ರಕ್ಕೆ ಬೆನ್ನು ಹಾಕಿದ ಗೋಡೆಯಲ್ಲಿದೆ. ಗಾಳಿ ಧಾರಾಳ, ಆದರೆ ನೇರ ಹೊಡೆತವಿಲ್ಲ. ಬ್ರಾಕೆಟ್ ಮತ್ತು ಸ್ಕ್ರೂ ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ಸಾಮಾನ್ಯವಾಗಿ ಸಿಗುವ 304ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದಿಲ್ಲ, 316ರಲ್ಲಿ ಶೇಕಡಾ 2ರಿಂದ 3ರಷ್ಟು ಇರುತ್ತದೆ. ಉಪ್ಪನ್ನು ತಡೆಯುವ ಶಕ್ತಿ ಅದರಿಂದಲೇ. ಬ್ರಾಕೆಟ್ ಒಂದು ಲೋಹ, ಸ್ಕ್ರೂ ಇನ್ನೊಂದು ಲೋಹ ಆಗಬಾರದು. ಉಪ್ಪುನೀರು ನಡುವೆ ನಿಂತರೆ ಒಂದು ಲೋಹದಿಂದಾಗಿ ಇನ್ನೊಂದು ಬೇಗ ಸವೆಯುತ್ತದೆ. ತಿಂಗಳಿಗೊಮ್ಮೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕವಚವನ್ನು, ಅದರಲ್ಲೂ ಕೆಳ ಅಂಚನ್ನು, ಒರೆಸುತ್ತೇನೆ. ಐದು ನಿಮಿಷದ ಕೆಲಸ. ಇಷ್ಟು ವರ್ಷದಲ್ಲಿ ನಾನು ಮಾಡಿದ ಎಲ್ಲ ಆರೈಕೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ಮೊದಲ ಮಳೆಗಾಲದಲ್ಲಿ ಕಾಡಿದ ಇನ್ನೊಂದು ಸಮಸ್ಯೆ ಹೊತ್ತಿಕೊಳ್ಳದೇ ಇರುವುದು. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಸದ್ದು ಮಾತ್ರ, ಬೆಂಕಿ ಇಲ್ಲ. ಒಳಗೆ 1.5 ವೋಲ್ಟಿನ ಎರಡು ದಪ್ಪ ಬ್ಯಾಟರಿ ಇರುತ್ತವೆ. ಅವುಗಳ ತುದಿಗೆ ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ ತೆಗೆದ ಮೇಲೂ ಎಡವಟ್ಟು ನಿಲ್ಲಲಿಲ್ಲ. ಕಿಡಿ ಹಾರಿಸುವ ಕಡ್ಡಿಯ ಪಿಂಗಾಣಿ ಮೇಲೆ ಉಪ್ಪು, ತೇವ ಕೂತು ಕಿಡಿ ಬರ್ನರಿಗೆ ಹಾರುವ ಬದಲು ಪಕ್ಕಕ್ಕೆ ಸೋರಿಹೋಗುತ್ತಿತ್ತು. ಗ್ಯಾಸ್ ಬಂದ್ ಮಾಡಿ, ಒಣಬಟ್ಟೆಯಲ್ಲಿ ಒರೆಸಿದರೆ ಸರಿಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಬ್ಯಾಟರಿ ಬದಲಿಸುವುದು ಈಗ ಅಭ್ಯಾಸವಾಗಿದೆ.

ಹಾಕಿಸಿದ ಹೊಸದರಲ್ಲಿ ಗೀಸರಿನ ಕೆಳಗೆ ನೀರು ತೊಟ್ಟಿಕ್ಕುವುದು ಕಂಡು ಹೆದರಿದ್ದೆ. ಅದು ಸೋರಿಕೆಯಲ್ಲ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ. 1 ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರು. ತಣ್ಣಗಿನ ತಾಮ್ರಕ್ಕೆ ತಾಗಿ ಅದು ಹನಿಯಾಗುತ್ತದೆ, ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ. ಆಮೇಲೂ ತೊಟ್ಟಿಕ್ಕುತ್ತಿದ್ದರೆ ಮಾತ್ರ ಚಿಂತಿಸಬೇಕು.

ಇದೇ ಕಾರಣಕ್ಕೆ ಗ್ಯಾಸ್ ಗೀಸರನ್ನು ಮನೆಯೊಳಗೆ ಹಾಕಿದರೆ, ಮೊದಲೇ ತೇವದಲ್ಲಿ ತೊಯ್ದಿರುವ ಗೋಡೆಗೆ ಇನ್ನಷ್ಟು ನೀರು ಕುಡಿಸಿದಂತೆ. ಆದರೆ ಅದು ಸಣ್ಣ ಮಾತು. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಮಳೆ ಎರಚಲಿಗೆ ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಲ್ಲಿ ಅಷ್ಟು ಗಾಳಿ ಎಲ್ಲಿ ಬರಬೇಕು? ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದು ಮೇಲೇಳುವುದೇ ಇಲ್ಲ. ದಯವಿಟ್ಟು ಬಚ್ಚಲೊಳಗೆ ಹಾಕಿಸಬೇಡಿ, ಸಣ್ಣ ಕಿಂಡಿ ಇದೆ ಎಂದು ಯಾರು ಭರವಸೆ ಕೊಟ್ಟರೂ. ಹೊರಗಿದ್ದರೂ ಜ್ವಾಲೆಯ ಬಣ್ಣ ನೋಡುತ್ತಿರಿ. ನೀಲಿ ಇರಬೇಕು. ಒಮ್ಮೆ ನಮ್ಮದು ಹಳದಿಗೆ ತಿರುಗಿ ಮಸಿ ಕಟ್ಟಲು ಶುರುವಾಯಿತು. ನೋಡಿದರೆ ಬರ್ನರಿನ ಗಾಳಿದಾರಿಯಲ್ಲಿ ಜೇಡ ಬಲೆ ಕಟ್ಟಿತ್ತು.

ದೊಡ್ಡದು ಕೊಂಡರೆ ಒಳ್ಳೆಯದು ಎಂಬ ಸಲಹೆ ಬೆಚ್ಚಗಿನ ಕರಾವಳಿಗೆ ಹೊಂದುವುದಿಲ್ಲ. ನಮ್ಮ ನಲ್ಲಿಯಲ್ಲಿ ನೀರು 26 ಡಿಗ್ರಿ ಇರುತ್ತದೆ, ಸ್ನಾನಕ್ಕೆ 40 ಸಾಕು. ನಿಮಿಷಕ್ಕೆ 6 ಲೀಟರನ್ನು 14 ಡಿಗ್ರಿ ಏರಿಸಲು 6 ಕಿಲೋವಾಟ್‌ಗಿಂತ ತುಸು ಕಡಿಮೆ ಶಾಖ ಸಾಕು. 25 ಡಿಗ್ರಿ ಏರಿಕೆಯ ಲೆಕ್ಕದಲ್ಲಿ ನಿಮಿಷಕ್ಕೆ 6 ಲೀಟರ್ ಎಂದು ಬರೆದಿರುವ ಗೀಸರಿಗೇ ಸುಮಾರು 10.5 ಕಿಲೋವಾಟ್ ಕಸುವಿದೆ. 10 ಲೀಟರಿನದು ತಂದರೆ ಜ್ವಾಲೆಯನ್ನು ಪೂರ್ತಿ ತಗ್ಗಿಸಿದರೂ ನೀರು ಸುಡಬಹುದು, ಮೇಲಾಗಿ ಸದಾ ಸಣ್ಣ ಉರಿಯಲ್ಲಿ ಓಡುವ ಗೀಸರಿನೊಳಗೆ ಹನಿ ಕಟ್ಟುವುದೂ ಹೆಚ್ಚು. ಅಡುಗೆಮನೆಯ ಸಿಂಕಿಗೆ 3 ಕಿಲೋವಾಟಿನ ಕರೆಂಟಿನ ಇನ್‌ಸ್ಟಂಟ್ ಹಾಕಿದ್ದೇವೆ. ಅದೇ 14 ಡಿಗ್ರಿಗೆ ನಿಮಿಷಕ್ಕೆ 3 ಲೀಟರ್ ಕೊಡುತ್ತದೆ, ಪಾತ್ರೆ ತೊಳೆಯಲು ಧಾರಾಳ. ತೇವದ ಮನೆಯಲ್ಲಿ ಕರೆಂಟಿನದಕ್ಕೆ ಒಳ್ಳೆಯ ಅರ್ಥಿಂಗ್, 30 ಮಿಲಿಆಂಪಿಯರ್ ಕರೆಂಟ್ ಸೋರಿದರೆ ತಾನಾಗಿ ಬಂದ್ ಆಗುವ ಆರ್‌ಸಿಸಿಬಿ (ಸುರಕ್ಷಾ ಸ್ವಿಚ್) ಇಲ್ಲದೆ ಸ್ವಿಚ್ಚನ್ನೇ ಮುಟ್ಟಬಾರದು.

ನೀರಿನ ವಿಷಯದಲ್ಲಿ ನಾನು ಪೂರ್ತಿ ದಾರಿ ತಪ್ಪಿದ್ದೆ. ಸುಣ್ಣದ ಪರೆ ಕಟ್ಟುತ್ತದೆ, ವರ್ಷಕ್ಕೊಮ್ಮೆ ವಿನೆಗರ್ ಹಾಯಿಸಿ ತೊಳೆಯಿರಿ ಎಂದು ಎಲ್ಲರೂ ಹೇಳುವುದನ್ನು ಕೇಳಿ ಹಾಗೇ ಮಾಡಿದೆ. ಪರೆ ಎಂಬುದು ಚೂರೂ ಬರಲಿಲ್ಲ. ಬದಲಿಗೆ ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ನಲ್ಲಿ ತೊಟ್ಟಿಕ್ಕುವ ಕಡೆ ನೀಲಿ-ಹಸಿರು ಕಲೆ ಮೂಡಿತ್ತು. ಮಳೆ ಹೆಚ್ಚಿರುವ ಕಡೆ ಬಾವಿನೀರು ಹಲವು ಸಲ ಮೆದುವಾಗಿ, ತುಸು ಆಮ್ಲೀಯವಾಗಿ ಇರುತ್ತದೆ. ಅಂಥ ನೀರು ಪರೆ ಕಟ್ಟುವುದಿಲ್ಲ, ತಾಮ್ರವನ್ನೇ ಕರಗಿಸುತ್ತದೆ. ಆ ಕಲೆ ನಮ್ಮ ಹೀಟ್ ಎಕ್ಸ್‌ಚೇಂಜರಿನದೇ ತಾಮ್ರ. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ಪಿಎಚ್ 6ಕ್ಕಿಂತ ಕೆಳಗಿತ್ತು (7ಕ್ಕಿಂತ ಕಡಿಮೆಯಾದಷ್ಟೂ ನೀರು ಆಮ್ಲೀಯ). ಅಂಥ ನೀರಿಗೆ ನಾನೇ ಮೇಲಿಂದ ಆಮ್ಲ ಸುರಿದಿದ್ದೆ! ಈಗ ಗೀಸರಿಗೆ ಹೋಗುವ ನೀರು ಮೊದಲು ಕ್ಯಾಲ್ಸೈಟ್ (ಸುಣ್ಣದಕಲ್ಲಿನ ಖನಿಜ) ಹರಳು ತುಂಬಿದ ಫಿಲ್ಟರ್ ಮೂಲಕ ಹಾದು ಬರುತ್ತದೆ, ಆಮ್ಲತೆ ತಗ್ಗುತ್ತದೆ. ಹರಳು ಕರಗುತ್ತಾ ಹೋಗುವುದರಿಂದ ಆಗಾಗ ಮೇಲಿಂದ ತುಂಬಿಸಬೇಕು. ಉಜ್ಜಿ ತೆಗೆದ ಕಲೆ ಮತ್ತೆ ಬಂದಿಲ್ಲ. ನಿಮ್ಮ ನೀರು ಗಡಸಾಗಿದ್ದರೆ ಕಥೆ ಬೇರೆ, ವಿನೆಗರ್ ಬೇಕೇ ಬೇಕು. ನೀರನ್ನು ಪರೀಕ್ಷಿಸದೆ ಮಾತ್ರ ಯಾವುದನ್ನೂ ಹಾಯಿಸಬೇಡಿ.

ಮೇಲಿನ ಟ್ಯಾಂಕಿನಲ್ಲಿ ನೀರು ಕಡಿಮೆಯಿದ್ದಾಗ ಒತ್ತಡ ಸಾಲದೆ ಗೀಸರ್ ಹೊತ್ತುವುದಿಲ್ಲ. ನಲ್ಲಿಯನ್ನು ನಿಲ್ಲಿಸಿ ಮತ್ತೆ ತೆರೆದರೆ ಬಿಸಿನೀರಿನ ನಡುವೆ ಒಂದು ಹಿಡಿ ತಣ್ಣೀರು ಬಂದು ಮೈ ಜುಮ್ಮೆನ್ನುತ್ತದೆ, ಅಮ್ಮನಿಗೆ ಅದು ಇವತ್ತಿಗೂ ಒಗ್ಗಿಲ್ಲ. ಇನ್ನು ಗೀಸರನ್ನು ಹಿಂಬದಿಗೆ ಸರಿಸಿದ್ದರಿಂದ ಮುಂದಿನ ಬಚ್ಚಲು 12 ಮೀಟರ್ ದೂರವಾಯಿತು. ಒಳಗೆ 15 ಮಿಲಿಮೀಟರ್ ಅಗಲದ ಪೈಪಿನಲ್ಲಿ ಅಷ್ಟು ಉದ್ದಕ್ಕೆ 2 ಲೀಟರಿಗೂ ತುಸು ಹೆಚ್ಚು ನೀರು ನಿಂತಿರುತ್ತದೆ. ಅದೆಲ್ಲ ಹರಿದುಹೋದ ಮೇಲೇ ಬಿಸಿನೀರು. ಸದ್ಯ ಆ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಗಳಿಗೆ ಹಾಕುತ್ತಿದ್ದೇವೆ. ಮಳೆ ನಿಂತ ಮೇಲೆ ಕಡಿಮೆ ಅಗಲದ ಪೈಪ್ ಎಳೆಸಬೇಕೆಂದು ಪ್ಲಂಬರಿಗೆ ಹೇಳಿಟ್ಟಿದ್ದೇನೆ.