ಆಸ್ಟ್ರೇಲಿಯಾ ಪಿಆರ್: ನಿಮ್ಮ ಇಒಐಯಲ್ಲಿ ಏನು ಬರೆದಿದ್ದಾರೆ ಅಂತ ನೀವೇ ತೆರೆದು ನೋಡಿ

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಆಸ್ಟ್ರೇಲಿಯಾ ಪಿಆರ್ ಅರ್ಜಿ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ವೀಸಾದ ಅರ್ಜಿ, ರಿಜೆಕ್ಟ್ ಆಯಿತು. ನಾನು, ನನ್ನ ಗಂಡ, ಆರು ವರ್ಷದ ಮಗಳು, ಮೂವರದ್ದೂ ಒಟ್ಟಿಗೆ. ಹೋದ ದುಡ್ಡಿನ ಲೆಕ್ಕ ಮುಂದೆ ಹೇಳುತ್ತೇನೆ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ ಕಾರಣಕ್ಕೆ. ನಾವು ಯಾರಿಗೂ ಸುಳ್ಳು ಹೇಳಿರಲಿಲ್ಲ. ವೀಸಾ ಅರ್ಜಿಗೂ ಮೊದಲು ಹಾಕುವ ಇಒಐ ಅನ್ನುವ ಆಸಕ್ತಿ ಪತ್ರದಲ್ಲಿ, ನಮ್ಮ ಕನ್ಸಲ್ಟೆಂಟ್ ನಮಗೆ ತೋರಿಸದೆ ನಮ್ಮ ಹೆಸರಿನಲ್ಲಿ ತಪ್ಪು ತುಂಬಿದ್ದರು. ಅರ್ಜಿ ನನ್ನ ಹೆಸರಲ್ಲಿತ್ತು, ಹಾಗಾಗಿ ಹೊಣೆಯೂ ನನ್ನ ಮೇಲೇ ಬಂತು.

ನಾನು ಹಾಸನದ ಕಡೆಯವಳು. 2007ರಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿ ಏಳು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದೆ. 2014ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. 2022ರ ಕೊನೆಯಲ್ಲಿ ನಾವು ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆವು. ಒಳ್ಳೆಯ ಆಫೀಸು, ಗೋಡೆ ತುಂಬ ವೀಸಾ ಸಿಕ್ಕವರ ಫೋಟೋ. ಮೊದಲ ದಿನವೇ ನನ್ನ ರೆಸ್ಯೂಮೆ ನೋಡಿ, "ಮೇಡಂ, ನಿಮಗೆ 85 ಪಾಯಿಂಟ್ ಪಕ್ಕಾ" ಅಂದರು. ಅವರ ಫೀಸು 1 ಲಕ್ಷ 80 ಸಾವಿರ. ಅದನ್ನು ಮೂರು ಕಂತಿನಲ್ಲಿ ಕಟ್ಟಿದೆವು.

ಈ ದಾರಿ ಹೊಸದಾಗಿರುವವರಿಗೆ ಪಾಯಿಂಟ್ ಲೆಕ್ಕ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ನಮಗೆ ಎಲ್ಲಿ ಪೆಟ್ಟು ಬಿತ್ತು ಅಂತ ಅರ್ಥ ಆಗಲ್ಲ. ವಯಸ್ಸು 33ರಿಂದ 39ರ ಒಳಗಿದ್ದರೆ 25 ಪಾಯಿಂಟ್. ಪಿಟಿಇ ಅನ್ನುವ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ ನಾನು 79 ದಾಟಿದ್ದೆ, ಆಗಿನ ನಿಯಮದಲ್ಲಿ ಅದಕ್ಕೆ 20. ಡಿಗ್ರಿಗೆ 15. ಗಂಡನ ಇಂಗ್ಲಿಷ್ ಪರೀಕ್ಷೆಗೆ 5. ರಾಜ್ಯ ಸರ್ಕಾರ ನಾಮಿನೇಟ್ ಮಾಡುವ 190 ವೀಸಾಕ್ಕೆ ಇನ್ನೊಂದು 5. ಇಷ್ಟಕ್ಕೆ 70 ಆಯಿತು. ಉಳಿದದ್ದು ಕೆಲಸದ ಅನುಭವ. ಆಸ್ಟ್ರೇಲಿಯಾದ ಹೊರಗೆ ಐದು ವರ್ಷ ತುಂಬಿದ್ದರೆ 10, ಎಂಟು ವರ್ಷ ತುಂಬಿದ್ದರೆ 15. ನನಗೆ 2014ರಿಂದ ಲೆಕ್ಕ ಹಾಕಿದರೆ ಎಂಟು ವರ್ಷ ದಾಟಿತ್ತು. ಹಾಗಾಗಿ 85 ಅಂದಾಗ ನಮಗೆ ಅನುಮಾನವೇ ಬರಲಿಲ್ಲ.

ಆದರೆ ಅನುಭವವನ್ನು ನಾವು ಎಣಿಸಿದ ಹಾಗೆ ಅವರು ಎಣಿಸುವುದಿಲ್ಲ. ಐಟಿಯವರ ಓದು, ಕೆಲಸ ಎರಡನ್ನೂ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ ಪರಿಶೀಲಿಸುತ್ತದೆ. ಎಲ್ಲರೂ ಎಸಿಎಸ್ ಅಂತಾರೆ. ಮೊದಲ ಕೆಲವು ವರ್ಷಗಳನ್ನು ಅವರು "ಕೆಲಸ ಕಲಿತ ಕಾಲ" ಅಂತ ಕಳೆದುಬಿಡುತ್ತಾರೆ. ನನ್ನ ವಿಷಯದಲ್ಲಿ ಎರಡು ವರ್ಷ ಕಳೆದರು. ನನ್ನ ಎಸಿಎಸ್ ಪತ್ರದಲ್ಲಿ ಒಂದು ಸಾಲು ಸ್ಪಷ್ಟವಾಗಿತ್ತು: 2016ರ ಮಾರ್ಚ್ ನಂತರದ ಕೆಲಸ ಮಾತ್ರ ಈ ಹುದ್ದೆಗೆ ತಕ್ಕ ಮಟ್ಟದ್ದು ಅಂತ. ಪಾಯಿಂಟ್‌ಗೆ ಲೆಕ್ಕ ಶುರುವಾಗುವುದು ಆ ತಿಂಗಳಿಂದ. ನಾನು ಆ ಪತ್ರ ಓದಿದ್ದೆ. "ಪಾಸಿಟಿವ್ ಬಂದಿದೆ ಮೇಡಂ, ಕಂಗ್ರಾಟ್ಸ್" ಅಂತ ಕನ್ಸಲ್ಟೆಂಟ್ ಫೋನ್ ಮಾಡಿದರು. ಆ ಸಾಲಿನ ಅರ್ಥ ಏನು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

2023ರ ಜೂನ್‌ನಲ್ಲಿ ಇಒಐ ಹಾಕಿದರು. ಅಂದರೆ ನಮಗೆ ಆಸಕ್ತಿ ಇದೆ ಅಂತ ಸ್ಕಿಲ್‌ಸೆಲೆಕ್ಟ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ವಿವರ ತುಂಬುವುದು. ಇದಕ್ಕೆ ಒಂದು ರೂಪಾಯಿಯೂ ಫೀಸಿಲ್ಲ. ಅದರಲ್ಲಿ ಒಂದೊಂದು ಕೆಲಸ ಬರೆದಾಗಲೂ, ಇದು ನೀವು ಆರಿಸಿದ ಹುದ್ದೆಗೆ ಸಂಬಂಧಪಟ್ಟಿದ್ದಾ ಅಂತ ಕೇಳುತ್ತದೆ. ಹೌದು ಅಂದರೆ ಆ ವರ್ಷಗಳಿಗೆ ಪಾಯಿಂಟ್ ತಾನೇ ಕೂಡಿಕೊಳ್ಳುತ್ತದೆ. ಸರಿಯಾಗಿ ತುಂಬುವವರು ನನ್ನ ಕೆಲಸವನ್ನು ಎರಡು ತುಂಡು ಮಾಡಬೇಕಿತ್ತು. 2014ರಿಂದ 2016ರ ಮಾರ್ಚ್‌ವರೆಗಿನದ್ದಕ್ಕೆ "ಇಲ್ಲ", ಆಮೇಲಿನದ್ದಕ್ಕೆ "ಹೌದು". ನಮ್ಮ ಕನ್ಸಲ್ಟೆಂಟ್ ಎಲ್ಲಕ್ಕೂ "ಹೌದು" ಒತ್ತಿದ್ದರು. ನಿಜವಾಗಿ ನನಗಿದ್ದಿದ್ದು ಏಳು ವರ್ಷ ಮೂರು ತಿಂಗಳು. ಬರಬೇಕಾದದ್ದು 10, ಬರೆದದ್ದು 15.

ನಾನು ಇಒಐ ನೋಡಲೇ ಇಲ್ಲ. ಅದರಲ್ಲಿದ್ದ ಇಮೇಲ್ ಅವರದ್ದು, ಪಾಸ್‌ವರ್ಡ್ ಅವರದ್ದು. ಒಂದೆರಡು ಸಲ ಪ್ರತಿ ಕೇಳಿದೆ. "ಅದು ನಮ್ಮ ಇಂಟರ್ನಲ್ ಪ್ರೋಸೆಸ್ ಮೇಡಂ, ಕ್ಲೈಂಟ್‌ಗೆ ಕೊಡಲ್ಲ" ಅಂದರು. ದಯವಿಟ್ಟು ಗಮನಿಸಿ, ಇದು ಶುದ್ಧ ಸುಳ್ಳು. ಇಒಐ ನಿಮ್ಮದು. ಅದನ್ನು ಪಿಡಿಎಫ್ ಮಾಡಿ ಕಳಿಸಲು ಎರಡು ನಿಮಿಷ ಸಾಕು. ಕೊಡಲ್ಲ ಅಂದವರ ಹತ್ತಿರ ಮುಂದಿನ ಕಂತು ಕಟ್ಟಬೇಡಿ.

ನವೆಂಬರ್‌ನಲ್ಲಿ, ವೀಸಾಗೆ ಅರ್ಜಿ ಹಾಕಿ ಅಂತ ಆಹ್ವಾನ ಬಂತು. ಮನೆಯಲ್ಲಿ ಹಬ್ಬದ ವಾತಾವರಣ. ಅತ್ತೆ ಧರ್ಮಸ್ಥಳಕ್ಕೆ ಹರಕೆ ಹೊತ್ತರು. ಆಹ್ವಾನ ಬಂದ ಮೇಲೆ ವೀಸಾ ಅರ್ಜಿ ಹಾಕಲು 60 ದಿನ ಸಮಯ. ಆಗ ವೀಸಾ ಫೀಸು ನನಗೆ 4,640 ಡಾಲರ್, ಗಂಡನಿಗೆ 2,320, ಮಗಳಿಗೆ 1,160. ಒಟ್ಟು 8,120 ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಲಕ್ಷ. ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್ ಖರ್ಚು ಬೇರೆ. ನನ್ನ ಎರಡು ಬಳೆ, ಒಂದು ಸರ ಅದಕ್ಕೇ ಹೋದವು.

2024ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ವೀಸಾ ಇಲಾಖೆಯಿಂದ ಪತ್ರ ಬಂತು. 2014ರಿಂದ 2016ರವರೆಗಿನ ಕೆಲಸಕ್ಕೆ ಇನ್ನಷ್ಟು ದಾಖಲೆ ಕೊಡಿ, 28 ದಿನದಲ್ಲಿ ಉತ್ತರಿಸಿ ಅಂತ. ಕನ್ಸಲ್ಟೆಂಟ್ ಗಾಬರಿಯಾಗಲಿಲ್ಲ. "ನಿಮ್ಮ ಹಳೇ ಕಂಪನಿ ಲೆಟರ್‌ಹೆಡ್‌ನಲ್ಲಿ ಹೊಸದಾಗಿ ಒಂದು ಲೆಟರ್ ಮಾಡಿಸಿಕೊಡ್ತೀವಿ, ಇಪ್ಪತ್ತೈದು ಸಾವಿರ ಆಗುತ್ತೆ" ಅಂದರು. ಅವತ್ತು ರಾತ್ರಿ ನಾನೂ ನನ್ನ ಗಂಡನೂ ಮಲಗಲಿಲ್ಲ. ಬೆಳಿಗ್ಗೆ ಎದ್ದು, ಬೇಡ ಅಂದೆವು. ಇಡೀ ಎರಡು ವರ್ಷದಲ್ಲಿ ನಾವು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ಅಲ್ಲಿಯ ನಿಯಮದಲ್ಲಿ 4020 ಅಂತ ಒಂದು ಷರತ್ತಿದೆ. ಖೋಟಾ ದಾಖಲೆ ಕೊಟ್ಟು ಅದರ ಮೇಲೆ ಅರ್ಜಿ ರಿಜೆಕ್ಟ್ ಆದರೆ, ಆ ಷರತ್ತು ಇರುವ ಯಾವ ವೀಸಾವೂ ಮೂರು ವರ್ಷ ಸಿಗಲ್ಲ. ಗುರುತಿನ ವಿಷಯದಲ್ಲಿ ಮೋಸ ಮಾಡಿದರೆ ಹತ್ತು ವರ್ಷ. ನಮ್ಮಂಥವರಿಗೆ ಬೇಕಾಗುವ ಹೆಚ್ಚಿನ ವೀಸಾಗಳಿಗೆ ಆ ಷರತ್ತು ಇದ್ದೇ ಇರುತ್ತದೆ. ಒಬ್ಬರು ಮಾಡಿದ ತಪ್ಪಿಗೆ ಅರ್ಜಿಯಲ್ಲಿರುವ ಮನೆಯವರೆಲ್ಲ ಸಿಕ್ಕಿಬೀಳುತ್ತಾರೆ. "ಎಲ್ಲರೂ ಮಾಡ್ತಾರೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ.

ಸೆಪ್ಟೆಂಬರ್‌ನಲ್ಲಿ ನಿರ್ಧಾರ ಬಂತು. ಅದನ್ನೂ ಅವರು ನಮಗೆ ಕಳಿಸಿದ್ದು ಹನ್ನೆರಡು ದಿನ ಆದ ಮೇಲೆ. ನಾಲ್ಕು ಪುಟದ ಪತ್ರದಲ್ಲಿ ಅಧಿಕಾರಿ ಲೆಕ್ಕ ಬಿಡಿಸಿ ಬರೆದಿದ್ದರು. ಆಹ್ವಾನದಲ್ಲಿದ್ದ ಅಂಕ 85. ಪರಿಶೀಲಿಸಿದಾಗ ಬಂದ ಅಂಕ 80. ಆದ್ದರಿಂದ ವೀಸಾ ಇಲ್ಲ.

ಇಲ್ಲಿ ಬಹಳ ಜನ ಕೇಳುವ ಪ್ರಶ್ನೆ ನಾನೂ ಕೇಳಿದ್ದೆ. ಕನಿಷ್ಠ ಅಂಕ 65 ಅಲ್ವಾ, 80 ಇದ್ದರೂ ಯಾಕೆ ಕೊಡಲಿಲ್ಲ? 65 ಇದ್ದರೆ ಸಾಲದು. ನಿಮ್ಮನ್ನು ಎಷ್ಟು ಅಂಕದ ಮೇಲೆ ಕರೆದರೋ, ಕರೆದ ದಿನಕ್ಕೆ ಅಷ್ಟು ಅಂಕ ನಿಮ್ಮಲ್ಲಿ ನಿಜವಾಗಿ ಇರಬೇಕು. ಒಂದು ಮೆಟ್ಟಿಲು ಕಡಿಮೆಯಾದರೂ ಅರ್ಜಿ ಬಿದ್ದುಹೋಗುತ್ತದೆ. ಆಮೇಲೆ ಅನುಭವ ಕೂಡಿಬಂತು ಅಂದರೂ ನಡೆಯಲ್ಲ. ಕಟ್ಟಿದ ಫೀಸೂ ವಾಪಸ್ ಬರಲ್ಲ.

ಇನ್ನೂ ಒಂದು ಲೆಕ್ಕ ಇದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನನಗೆ ಎಂಟು ವರ್ಷ ತುಂಬುತ್ತಿದ್ದದ್ದು 2024ರ ಮಾರ್ಚ್‌ನಲ್ಲಿ. ನನಗೆ 40 ತುಂಬಿದ್ದು 2025ರ ಜನವರಿಯಲ್ಲಿ. ನಡುವೆ ಹತ್ತು ತಿಂಗಳು, ಯಾವ ಸುಳ್ಳೂ ಇಲ್ಲದೆ ನನ್ನ ಹತ್ತಿರ 85 ಪಾಯಿಂಟ್ ಇರುತ್ತಿತ್ತು. ಇಒಐ ಹಾಕಿದ ದಿನದಿಂದ ಒಂಬತ್ತು ತಿಂಗಳು ಕಾಯಬೇಕಿತ್ತು, ಅಷ್ಟೇ. ಅದನ್ನು ಹೇಳಲಿ ಅಂತಲೇ ನಾವು ಅವರಿಗೆ ದುಡ್ಡು ಕೊಟ್ಟಿದ್ದು. ಆ ಹತ್ತು ತಿಂಗಳ ಬಹುಪಾಲು ನಾವು ತಪ್ಪು ಅರ್ಜಿಯ ಉತ್ತರಕ್ಕಾಗಿ ಕಾಯುತ್ತಾ ಕಳೆದೆವು. ರಿಜೆಕ್ಟ್ ಆದ ಮೇಲೆ ನಾನೇ ಹೊಸ ಇಒಐ ಹಾಕಿದೆ. ಜನವರಿಯೊಳಗೆ ಯಾವ ರಾಜ್ಯವೂ ಕರೆಯಲಿಲ್ಲ. 40 ತುಂಬಿದ ದಿನ ವಯಸ್ಸಿನ ಪಾಯಿಂಟ್ 25ರಿಂದ 15ಕ್ಕೆ ಇಳಿಯಿತು.

ಆ ಕನ್ಸಲ್ಟೆಂಟ್‌ಗೆ ಲೈಸೆನ್ಸ್ ಇತ್ತಾ ಅಂತ ಆಮೇಲೆ ಹುಡುಕಿದೆ. ಆಸ್ಟ್ರೇಲಿಯಾದಲ್ಲಿ ವೀಸಾ ಸಲಹೆ ಕೊಡುವ ಏಜೆಂಟರು ಅಲ್ಲಿಯ ಮಾರಾ ಅನ್ನುವ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರಬೇಕು. ವಕೀಲರು ತಮ್ಮ ವಕೀಲಿಕೆಯ ಆಧಾರದ ಮೇಲೇ ಸಲಹೆ ಕೊಡಬಹುದು. ನೋಂದಾಯಿತ ಏಜೆಂಟರಿಗೆ ಏಳು ಅಂಕಿಯ ಒಂದು ನಂಬರ್ ಇರುತ್ತದೆ. ಮಾರಾ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಆದರೆ ಬೆಂಗಳೂರಿನಲ್ಲಿ ಕೂತು ಸಲಹೆ ಕೊಡುವವರಿಗೆ ಆ ಕಡ್ಡಾಯ ಇಲ್ಲ. ನಮ್ಮವರ ಬೋರ್ಡಿನ ಮೇಲೆ ಒಂದು ನಂಬರ್ ಇತ್ತು. ಅದು ನಾವು ಒಮ್ಮೆಯೂ ಮಾತಾಡದ ಯಾರೋ ಒಬ್ಬರದ್ದು. ನಮ್ಮ ಅರ್ಜಿಯಲ್ಲಿ ಅವರ ಹೆಸರೇ ಇರಲಿಲ್ಲ. ನೋಂದಾಯಿತ ಏಜೆಂಟ್ ನಿಮ್ಮ ಪರವಾಗಿ ಕೆಲಸ ಮಾಡುವುದಾದರೆ 956ನೇ ನಮೂನೆಯಲ್ಲಿ ಅವರ ಹೆಸರು, ನಿಮ್ಮ ಸಹಿ ಇರಬೇಕು. ನಮ್ಮದರಲ್ಲಿ ಅದೂ ಇಲ್ಲ. "ಈ ಅರ್ಜಿ ತುಂಬಲು ಯಾರಾದರೂ ಸಹಾಯ ಮಾಡಿದರಾ" ಅನ್ನುವ ಪ್ರಶ್ನೆಗೆ "ಇಲ್ಲ" ಅಂತ ಉತ್ತರ ಕೊಟ್ಟಿದ್ದರು. ಹಾಗಾಗಿ ಇಲಾಖೆಯ ಕಣ್ಣಿಗೆ ಎಲ್ಲವನ್ನೂ ಬರೆದವಳು ನಾನೇ.

ಇದೇ ಆಫೀಸಿಗೆ ನನ್ನ ಚಿಕ್ಕಪ್ಪನ ಮಗಳೂ ಹೋಗಿದ್ದಳು. ಮದುವೆಯಾಗಿ ಗಂಡ ಮೆಲ್ಬರ್ನ್‌ನಲ್ಲಿ, ಇವಳು ಅರಸೀಕೆರೆಯಲ್ಲಿ. "ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಿ, ಅಲ್ಲೇ ಪಾರ್ಟ್ನರ್ ವೀಸಾಗೆ ಹಾಕೋಣ" ಅಂದರಂತೆ. ಅವಳಿಗೆ ಬಂದ ವೀಸಾ ಪತ್ರದಲ್ಲಿ 8503 ಅಂತ ಒಂದು ಷರತ್ತಿತ್ತು. ಆ ನಂಬರ್ ಇದ್ದರೆ, ಆಸ್ಟ್ರೇಲಿಯಾದಲ್ಲಿ ಇದ್ದುಕೊಂಡೇ ಬೇರೆ ವೀಸಾಗೆ ಹಾಕಲು ಸಾಮಾನ್ಯವಾಗಿ ಆಗಲ್ಲ. ಅದು ಅವಳಿಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಮೂರು ತಿಂಗಳಿಗೆ ವಾಪಸ್ ಬಂದು, ಇಲ್ಲಿಂದಲೇ 309 ಅನ್ನುವ ಪಾರ್ಟ್ನರ್ ವೀಸಾಗೆ ತಾನೇ ಹಾಕಿದಳು. ಆಗ ಅದರ ಫೀಸು 8,850 ಡಾಲರ್. ಛತ್ರದ ಆಲ್ಬಂ ಒಂದೇ ಅದಕ್ಕೆ ಸಾಲದು. ಗಂಡ ಹೆಂಡತಿ ನಡುವಿನ ಹಣದ ವ್ಯವಹಾರ, ಒಟ್ಟಿಗೆ ಬದುಕಿದ ರೀತಿ, ನೆಂಟರು ಸ್ನೇಹಿತರಿಗೆ ಈ ಸಂಬಂಧ ಗೊತ್ತಿರುವುದು, ಮುಂದೆಯೂ ಜೊತೆಗಿರುವ ನಿರ್ಧಾರ, ನಾಲ್ಕಕ್ಕೂ ಪುರಾವೆ ಕೇಳುತ್ತಾರೆ. ನಮ್ಮಲ್ಲಿ ನಿಶ್ಚಯವಾದ ಮದುವೆ, ಇಪ್ಪತ್ತು ದಿನ ಜೊತೆಗಿದ್ದು ಗಂಡ ವಿಮಾನ ಹತ್ತಿರುತ್ತಾನೆ. ಹಾಗಾಗಿ ಮದುವೆ ನೋಂದಣಿ ಪತ್ರ, ಕರೆಗಳ ದಾಖಲೆ, ಕಳಿಸಿದ ಹಣದ ಲೆಕ್ಕ, ಇವನ್ನೆಲ್ಲ ಮೊದಲ ದಿನದಿಂದ ಎತ್ತಿಡಬೇಕು.

ನಾವು ಈಗ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟಿದ್ದೇವೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಫೀಸಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಹೇಗೆ ಅಂತ ಹೇಳುತ್ತಾರೆ. ರಸೀದಿ, ವಾಟ್ಸ್ಆಪ್ ಮಾತು, ಇಮೇಲ್ ಯಾವುದನ್ನೂ ಅಳಿಸಬೇಡಿ. ಲೆಟರ್ ಮಾಡಿಸಿಕೊಡ್ತೀವಿ ಅಂದದ್ದು ಫೋನಿನಲ್ಲಿ, ಅದಕ್ಕೆ ನಮ್ಮ ಹತ್ತಿರ ಸಾಕ್ಷಿ ಇಲ್ಲ. ಇಒಐ ಕೊಡಲ್ಲ ಅಂದದ್ದು ವಾಟ್ಸ್ಆಪ್‌ನಲ್ಲಿ ಇದೆ.

ನಿಮ್ಮ ಇಒಐ ಹಾಕಿ ಇನ್ನೂ ಆಹ್ವಾನ ಬಂದಿಲ್ಲವಾದರೆ ಭಯ ಬೇಡ. ಇವತ್ತೇ ಅದರ ಪ್ರತಿ ತರಿಸಿಕೊಳ್ಳಿ. ಒಂದು ಕೈಯಲ್ಲಿ ಎಸಿಎಸ್ ಪತ್ರ, ಇನ್ನೊಂದು ಕೈಯಲ್ಲಿ ಇಒಐ ಹಿಡಿದು ತಾರೀಕು ಹೊಂದಿಸಿ ನೋಡಿ. ತಪ್ಪಿದ್ದರೆ ಈಗ ತಿದ್ದಬಹುದು. ಆಹ್ವಾನ ಬಂದ ಮೇಲೆ ಅದಕ್ಕೆ ಬೀಗ ಬೀಳುತ್ತದೆ. ಆಹ್ವಾನ ಬಂದಾಗಿದೆ, ಈಗ ತಪ್ಪು ಕಂಡಿದೆ ಅಂದರೆ, ದಯವಿಟ್ಟು ವೀಸಾ ಫೀಸು ಕಟ್ಟಬೇಡಿ. ಆ 60 ದಿನ ಹಾಗೇ ಕಳೆಯಲಿ. ಆಮೇಲೆ ಇಒಐ ಮತ್ತೆ ತೆರೆದುಕೊಳ್ಳುತ್ತದೆ, ಸರಿಯಾದ ಅಂಕ ತುಂಬಬಹುದು. ಎರಡು ಸಲ ಹೀಗೆ ಬಿಟ್ಟರೆ ಮಾತ್ರ ಅದು ರದ್ದಾಗುತ್ತದೆ. ಬಂದ ಆಹ್ವಾನ ಬಿಡಲು ಮನಸ್ಸು ಬರಲ್ಲ, ನನಗೆ ಗೊತ್ತು. ನನಗೂ ಆ 60 ದಿನ ಇತ್ತು. ಎಸಿಎಸ್ ಪತ್ರ ಬೀರುವಿನಲ್ಲೇ ಇತ್ತು.